ಹರಟೆಮಲ್ಲಗಳು ಇಟ್ಟ ಹೆಸರು

ಹರಟೆಮಲ್ಲ ಹಕ್ಕಿಗಳು ತಮ್ಮ ಸುತ್ತ ಓಡಾಡುವ ಮನುಷ್ಯರಿಗೆ ಒಬ್ಬೊಬ್ಬರಿಗೂ ಒಂದೊಂದು ಹೆಸರಿಟ್ಟುಕೊಂಡಿವೆ ಎಂದು ಖಚಿತವಾದ ದಿನ ಫಕ್ಕೀರೇಶ ಮುಳಗುಂದ ಕೇಂದ್ರದ ಎಲ್ಲರಿಗೂ ಪೇಢೆ ಹಂಚಿದ. ತನಗೆ ಹೆಸರಿಲ್ಲ ಎಂದು ಅವನಿಗೆ ಗೊತ್ತಾದದ್ದು ಪೇಢೆ ಖಾಲಿಯಾದ ಮೇಲೆ.

ಆ ಪಕ್ಷಿ ಅಧ್ಯಯನ ಕೇಂದ್ರ ಕಪ್ಪತಗುಡ್ಡದ ಬುಡದಲ್ಲಿ, ಜಾಲಿ ಮತ್ತು ಬೇವಿನ ತೋಪಿನ ಅಂಚಿಗಿತ್ತು. ಮುಂದೆ ನಾಲ್ಕು ಕೋಣೆಯ ಕಟ್ಟಡ, ಹಿಂದೆ ಎರಡು ಕ್ವಾರ್ಟರ್ಸು. ಫಕ್ಕೀರೇಶ ಅಲ್ಲಿಗೆ ಬಂದು ಹದಿನಾಲ್ಕು ವರ್ಷವಾಗಿತ್ತು. ಅಷ್ಟೂ ವರ್ಷ ಅವನು ನೋಡಿದ್ದು ತೋಪಿನಲ್ಲಿದ್ದ ಹರಟೆಮಲ್ಲಗಳ ಒಂದೇ ಗುಂಪನ್ನು. ಬೂದು ಮೈ, ಬಿಳಿಗಣ್ಣು, ಇಡೀ ದಿನ ತರಗೆಲೆ ಕೆದಕುತ್ತ, ಸೊಸೈಟಿ ಚುನಾವಣೆಗೆ ನಿಂತವರ ಹಾಗೆ ಒಂದೇ ಸಮನೆ ಕಿರುಚಾಡುವ ಈ ಹಕ್ಕಿಯನ್ನು ಊರಿನವರು ಯಾರೂ ಎರಡನೇ ಸಲ ತಿರುಗಿ ನೋಡುವುದಿಲ್ಲ. ಫಕ್ಕೀರೇಶ ನೋಡಿದ. ಕಾಲಿಗೆ ತೊಡಿಸಿದ ಬಣ್ಣದ ಉಂಗುರಗಳ ಗುರುತಿನಿಂದ ಯಾವುದು ಯಾರ ಮಗಳು, ಯಾವ ಮರಿಗೆ ಯಾವ ಚಿಕ್ಕಪ್ಪ ಹುಳ ತಿನ್ನಿಸಿದ, ಮರದ ತುದಿಯಲ್ಲಿ ಕಾವಲು ಕೂರುವ ಸರದಿ ಇವತ್ತು ಯಾರದು ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದ.

ಅವನಿಗೊಂದು ವಿಧಾನವಿತ್ತು, ಆ ವಿಧಾನದ ಬಗ್ಗೆ ಅವನಿಗೆ ಸಾಕಷ್ಟು ಸೊಕ್ಕೂ ಇತ್ತು. ತೋಪಿಗೆ ಹೋಗುವಾಗ ಮಣ್ಣಿನ ಬಣ್ಣದ ಅದೇ ಅಂಗಿ. ಆವತ್ತು ವಾಸನೆಯ ಸೋಪು ಹಚ್ಚುವಂತಿಲ್ಲ. ತಿಂಡಿ ಒಯ್ಯುವಂತಿಲ್ಲ, ಹಕ್ಕಿಗೆ ಏನೂ ಹಾಕುವಂತಿಲ್ಲ, ಕಣ್ಣಿಗೆ ಕಣ್ಣು ಕೊಡುವಂತಿಲ್ಲ. ಒಂದು ಬಂಡೆಯ ಮೇಲೆ ಕೂತರೆ ಕೂತಂತೆ. ಎರಡು ವರ್ಷ ಹೀಗೆ ಕೂತ ಮೇಲೆ ಒಂದು ಹಕ್ಕಿ ಅವನ ಬೂಟಿನ ಮೇಲೆ ಹಾರಿ, ಅಲ್ಲಿಂದ ಆಚೆ ಜಿಗಿದು, ತನ್ನ ಪಾಡಿಗೆ ಎಲೆ ಕೆದಕಿತು. ಆ ಸಂಗತಿಯನ್ನು ಅವನು ಹೊಸದಾಗಿ ಬಂದ ಪ್ರತಿಯೊಬ್ಬ ವಿದ್ಯಾರ್ಥಿಗೂ ಹೇಳುತ್ತಿದ್ದ. ಹಕ್ಕಿಯ ಪಾಲಿಗೆ ನೀನು ಇಲ್ಲವಾಗಬೇಕು, ಆಗ ಮಾತ್ರ ಅದು ಇದ್ದ ಹಾಗೆ ಇರುತ್ತದೆ ಎನ್ನುತ್ತಿದ್ದ.

ಈ ತೋಪಿಗೆ 'ಕಿವಿ' ಎಂಬ ಯಂತ್ರವನ್ನು ತಂದವಳು ಮಂಗಳೂರಿನ ಜೆಸಿಂತಾ ಸಲ್ಡಾನ. ಮೂವತ್ತು ದಾಟಿರದ, ಧ್ವನಿ ತಂತ್ರಜ್ಞಾನ ಓದಿದ ಹುಡುಗಿ. ಮರಮರಕ್ಕೂ ಬೆರಳಿನಷ್ಟು ದೊಡ್ಡ ಮೈಕು ಕಟ್ಟಿಸಿದಳು. ಪ್ರತಿ ಹಕ್ಕಿಯ ಬೆನ್ನಿಗೆ ಜೋಳದ ಕಾಳಿನ ತೂಕದ ಒಂದು ಚಿಪ್ಪು ಅಂಟಿಸಿದಳು. ಅದು ಹಕ್ಕಿಯ ಎದೆಬಡಿತವನ್ನೂ ಅದು ಯಾವ ಕಡೆ ನೋಡುತ್ತಿದೆ ಎಂಬುದನ್ನೂ ಹೇಳುತ್ತಿತ್ತು. ಹಕ್ಕಿ ಕೂಗಿದಾಗ ಎದುರಿಗೆ ಏನಿತ್ತು ಎಂಬುದನ್ನು ಕಿವಿ ಸಾವಿರಾರು ಸಲ ಹೊಂದಿಸಿ ನೋಡಿ, ಯಾವ ಕೂಗು ಯಾವುದಕ್ಕೆ ಎಂದು ಕಲಿಯಿತು. ಕಲಿತದ್ದು ಸರಿಯೋ ತಪ್ಪೋ ಎಂದು ತಿಳಿಯಲು ಆ ಕೂಗನ್ನು ಸ್ಪೀಕರಿನಲ್ಲಿ ಹಾಕುವುದು. ಹಾವಿನ ಕೂಗು ಹಾಕಿದರೆ ಹಕ್ಕಿಗಳು ನೆಲ ನೋಡಿದವು. ಗಿಡುಗನ ಕೂಗು ಹಾಕಿದರೆ ಆಕಾಶ ನೋಡಿದವು. ಯಾರಿಗೂ ಅರ್ಥವಾಗದ ಒಂದು ಮೂರು ಎಳೆಯ ಕೂಗು ಹಾಕಿದಾಗ ಇಡೀ ಗುಂಪು ಕ್ವಾರ್ಟರ್ಸಿನ ಹಿಂಬಾಗಿಲ ಕಡೆ ತಿರುಗಿತು.

ಅದು ಫಕ್ಕೀರೇಶನ ಮನೆಯ ಹಿಂಬಾಗಿಲು. ಆ ಕೂಗು ಅವನ ಹೆಂಡತಿ ನೀಲಾಂಬಿಕೆಯ ಹೆಸರು.

ಸುದ್ದಿ ಸುತ್ತಲ ಹಳ್ಳಿಗಳಿಗೆ ಹರಡಲು ಹೆಚ್ಚು ದಿನ ಬೇಕಾಗಲಿಲ್ಲ. ಜನ ತಮ್ಮ ಹೆಸರು ಕೇಳಿಕೊಂಡು ಬರತೊಡಗಿದರು. ದಿನವೂ ತೋಪಿನಲ್ಲಿ ಓಡಾಡುವವರಿಗೆ ಮಾತ್ರ ಹೆಸರಿರುತ್ತದೆ ಎಂದು ಜೆಸಿಂತಾ ತಿಳಿಸಿ ಹೇಳಿದರೂ ಕೇಳದೆ, ಗ್ರಾಮ ಪಂಚಾಯಿತಿ ಸದಸ್ಯನೊಬ್ಬ ಮೂರು ದಿನ ತೋಪಿನಲ್ಲಿ ಬಿಳಿ ಬಟ್ಟೆಯುಟ್ಟು ತಿರುಗಾಡಿ, ಏನೂ ಆಗದೆ, ಯಂತ್ರವೇ ಸುಳ್ಳು ಎಂದು ಹೇಳಿಕೊಂಡು ಹೋದ. ಸೌದೆ ಆರಿಸುವ ಮುದುಕಿಗೆ ಹೆಸರಿತ್ತು. ಆಡು ಕಾಯುವ ಅಕ್ಕತಂಗಿಯರಿಬ್ಬರಿಗೂ ಸೇರಿ ಒಂದೇ ಹೆಸರಿತ್ತು. ಅವರು ಅದರ ಮೇಲೆ ಜಗಳವಾಡಿಕೊಂಡು ಬೇರೆ ಬೇರೆ ದಾರಿಯಲ್ಲಿ ಆಡು ಹೊಡೆಯಲು ಶುರುಮಾಡಿದರು. ಅರಣ್ಯ ಇಲಾಖೆಯ ವಾಚರನನ್ನು ಕಂಡರೆ ಹಕ್ಕಿಗಳು ಕಳ್ಳಬೆಕ್ಕಿಗೆ ಕೂಗುವುದನ್ನೇ ಕೊನೆಗೆ ಒಂದು ಎಳೆ ಸೇರಿಸಿ ಕೂಗುತ್ತಿದ್ದವು. ಅವನ ಹೆಂಡತಿ ಅದನ್ನು ಕೇಳಿ, ಹಕ್ಕಿಗೂ ಗೊತ್ತಾಗ್ಯಾದ ಅಂತಾತು ಎಂದಳಂತೆ. ಆ ಮನುಷ್ಯ ಒಂದು ತಿಂಗಳು ಊರಿನ ಚಾದಂಗಡಿಗೆ ಹೋಗಲಿಲ್ಲ.

ಫಕ್ಕೀರೇಶ ಮೊದಮೊದಲು ಕಾದ. ದತ್ತಾಂಶ ಇನ್ನೂ ಸಾಲದು ಎಂದುಕೊಂಡ. ಒಂದು ಮಧ್ಯಾಹ್ನ, ಬೇರೇನನ್ನೋ ವಿಚಾರಿಸುವ ನೆವದಲ್ಲಿ ಜೆಸಿಂತಾಳ ಕೋಣೆಗೆ ಹೋಗಿ, ಬಂಡೆಯ ಹತ್ತಿರದ ಮೈಕುಗಳಲ್ಲಿ ಏನು ಸಿಕ್ಕಿದೆ ಎಂದು ಕೇಳಿದ. ಅವಳು ಪರದೆಯ ಮೇಲೆ ಸಾಲುಗಳನ್ನು ಎಳೆದೆಳೆದು ತೋರಿಸಿದಳು. ಅವನು ತೋಪಿಗೆ ಬಂದ ಗಳಿಗೆಯಲ್ಲಿ, ಕೂತ ಗಳಿಗೆಯಲ್ಲಿ, ಎದ್ದ ಗಳಿಗೆಯಲ್ಲಿ ಏನೂ ಇರಲಿಲ್ಲ. ಕೂಗಿಲ್ಲ, ತಿರುಗಿ ನೋಡಿದ್ದಿಲ್ಲ, ಎದೆಬಡಿತ ಒಂದು ಚೂರೂ ಏರಿದ್ದಿಲ್ಲ. ಬಂಡೆಯ ಹತ್ತಿರ ಓತಿಕ್ಯಾತ ಸರಿದಾಡಿದರೆ ಒಂದು ಸಣ್ಣ ಗೆರೆ ಎದ್ದಿತ್ತು.

"ಇದು ದೊಡ್ಡ ಸಾಧನೆ ಸರ್," ಎಂದಳು ಜೆಸಿಂತಾ. ಅವಳು ಮನಸಾರೆ ಹೇಳಿದ್ದಳು. "ನೀವು ಹೇಳ್ತಿದ್ರಲ್ಲ, ಇಲ್ಲದವನ ಹಾಗೆ ಇರಬೇಕು ಅಂತ. ನೀವು ನಿಜವಾಗಿ ಇಲ್ಲವೇ ಇಲ್ಲ."

ಅವನು ಹೌದು ಎಂದು ತಲೆಯಾಡಿಸಿ ಹೊರಗೆ ಬಂದ.

ಮನೆಯಲ್ಲಿ ಬೇರೆಯೇ ಗದ್ದಲ. ನೀಲಾಂಬಿಕೆ ಪಕ್ಕದ ಊರಿನ ಹೈಸ್ಕೂಲಿನಲ್ಲಿ ಗಣಿತದ ಟೀಚರು. ದಿನಾ ಬೆಳಿಗ್ಗೆ ಬಸ್ಸಿಗೆ ಹೊರಡುವ ಮೊದಲು ಹಿಂದಿನ ರಾತ್ರಿಯ ರೊಟ್ಟಿಯನ್ನು ಪುಡಿ ಮಾಡಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಚೆಲ್ಲುತ್ತಿದ್ದಳು. ಹಾಗೆ ಚೆಲ್ಲಬೇಡ, ಹಕ್ಕಿಗಳು ಕೆಡುತ್ತವೆ ಎಂದು ಫಕ್ಕೀರೇಶ ಎಷ್ಟೋ ಸಲ ಜಗಳ ತೆಗೆದಿದ್ದ. ಅವಳು ಸರಿ ಎನ್ನುತ್ತಿದ್ದಳು, ಅವನು ತೋಪಿಗೆ ಹೋದ ಮೇಲೆ ಚೆಲ್ಲುತ್ತಿದ್ದಳು. ಅವಳ ಉಡುಪು ದಿನಕ್ಕೊಂದು. ದನಿ ಜೋರು. ಹಕ್ಕಿಗಳ ಕೂಡ ಮಾತಾಡುತ್ತಿದ್ದಳು, ಬೈಯುತ್ತಿದ್ದಳು. ವೀಕ್ಷಕ ಏನೇನು ಮಾಡಬಾರದೋ ಅಷ್ಟನ್ನೂ ಅವಳು ಮಾಡಿದ್ದಳು.

ಜೆಸಿಂತಾ ಅವಳಿಗೆ ಆ ಮೂರು ಎಳೆಯ ಕೂಗನ್ನು ಮೊಬೈಲಿಗೆ ಹಾಕಿಕೊಟ್ಟಳು. ನೀಲಾಂಬಿಕೆ ಅದನ್ನು ಶಾಲೆಯ ಸ್ಟಾಫ್ ರೂಮಿನಲ್ಲಿ ಹಾಕಿ ತೋರಿಸಿದಳು, ತವರಿಗೆ ಕಳಿಸಿದಳು, ರೊಟ್ಟಿ ಬಡಿಯುವಾಗ ಬಾಯಲ್ಲಿ ಅನುಕರಿಸಲು ನೋಡಿದಳು. ಒಂದು ಸಂಜೆ ಜೆಸಿಂತಾ ಊಟಕ್ಕೆ ಬಂದಾಗ, ಗಂಡ ಎದುರಿಗೇ ಕೂತಿರುವಾಗ ಹೇಳಿದಳು: "ನಮ್ಮ ಮನ್ಯಾಗ 'ಏ' ಅಂದ್ರ ನಾ, 'ಕೇಳಿಲ್ಲೆ' ಅಂದ್ರೂ ನಾ. ಲಗ್ನ ಆದಾಗಿಂದ ನನ್ನ ಹೆಸರು ಹಿಡದು ಕರದವ್ರು ಅಂದ್ರ ಇವ ನೋಡವಾ, ಈ ಹಕ್ಕಿ."

ಜೆಸಿಂತಾ ನಕ್ಕಳು. ಫಕ್ಕೀರೇಶ ಬದನೆಕಾಯಿ ಪಲ್ಯಕ್ಕೆ ಉಪ್ಪು ಹೆಚ್ಚಾಗಿದೆ ಎಂದ. ಹೆಚ್ಚಾಗಿರಲಿಲ್ಲ.

ಆವತ್ತಿನಿಂದ ಅವನಿಗೆ ಹೊಟ್ಟೆಕಿಚ್ಚು ಶುರುವಾಯಿತು. ಅದು ಏನೆಂದು ಅವನಿಗೆ ಗೊತ್ತಿತ್ತು. ಗೊತ್ತಾದರೆ ಹೋಗುವಂಥದ್ದಲ್ಲ ಅದು. ಬೆಳಿಗ್ಗೆ ಹಿಂಬಾಗಿಲ ಚಿಲಕ ಸರಿದ ಸದ್ದು, ಆಮೇಲೆ ಕಾವಲಿನ ಹಕ್ಕಿಯ ಕೂಗು, ಆಮೇಲೆ ಅವಳ ನಗು. ಹಾಸಿಗೆಯಲ್ಲೇ ಮಲಗಿ ಅವನು ಅದನ್ನು ಕೇಳುತ್ತಿದ್ದ. ಆ ಹಕ್ಕಿಯ ಅಜ್ಜಿಯ ಅಜ್ಜಿಗೆ ಉಂಗುರ ತೊಡಿಸಿದವನು ತಾನು. ಅದು ತತ್ತಿಯಿಂದ ಬಂದ ಬೆಳಿಗ್ಗೆ ಮಳೆಯಲ್ಲಿ ನೆನೆಯುತ್ತ ಕೂತಿದ್ದವನು ತಾನು. ಅದು ರೊಟ್ಟಿ ಚೆಲ್ಲಿದವಳ ಹೆಸರು ಹೇಳುತ್ತಿತ್ತು.

ಅವನು ಗುಟ್ಟಾಗಿ ಪ್ರಯತ್ನಕ್ಕಿಳಿದ. ಮೊದಲು ಜೇಬಿನಲ್ಲಿ ರೊಟ್ಟಿ ಒಯ್ದು ಬಂಡೆಯ ಸುತ್ತ ಚೆಲ್ಲಿದ. ಹಕ್ಕಿಗಳು ತಿಂದವು, ಕಿವಿಯಲ್ಲಿ ದಾಖಲಾದದ್ದು 'ತಿನಿಸು' ಎಂಬ ಕೂಗು ಮಾತ್ರ. ಆಮೇಲೆ ಕೆಂಪಂಗಿ ತೊಟ್ಟ. ಎರಡು ದಿನ 'ಹೊಸ ವಸ್ತು' ಎಂದು ಕೂಗಿದವು, ಮೂರನೇ ದಿನ ಅದೂ ನಿಂತಿತು. ಸಿಳ್ಳೆ ಹಾಕಿದ. ಕೈ ಬೀಸಿದ. ಐವತ್ತು ದಾಟಿದ ಗಂಡಸು ಜಾಲಿ ಗಿಡದ ಕೆಳಗೆ ಒಬ್ಬನೇ ನಿಂತು, ನೋಡ್ರೆಲೇ ಎಂದು ಹಕ್ಕಿಗಳಿಗೆ ಹೇಳಿದ. ಹದಿನಾಲ್ಕು ವರ್ಷ ಅವನು ಅವುಗಳಿಗೆ ಒಂದನ್ನು ಚೆನ್ನಾಗಿ ಕಲಿಸಿದ್ದ: ಈ ಮನುಷ್ಯನಿಂದ ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ. ಅವು ಆ ಪಾಠ ಮರೆಯಲಿಲ್ಲ.

ಒಂದು ದಿನ ಹೆಂಡತಿ ಶಾಲೆಗೆ ಹೋದ ಮೇಲೆ ಅವಳ ಹಸಿರು ಶಾಲು ಹೊದ್ದು, ತಲೆಯ ಮೇಲೂ ಎಳೆದುಕೊಂಡು, ಹಿಂಬಾಗಿಲಿನಿಂದ ತೋಪಿಗೆ ನಡೆದ. ಬೇವಿನ ತುದಿಯ ಕಾವಲುಗಾರ ಕತ್ತು ಚಾಚಿ ನೋಡಿ ಆ ಮೂರು ಎಳೆಯ ಕೂಗು ಕೂಗಿತು. ಕೆಳಗಿದ್ದವು ಒಂದೊಂದಾಗಿ ಅದನ್ನೇ ಹೇಳಿದವು. ಅವು ತನ್ನನ್ನೇ ನೋಡುತ್ತಿದ್ದವು, ಅಷ್ಟೂ ಬಿಳಿಗಣ್ಣುಗಳು. ಹೆಸರು ಬೇರೆಯವರದಾದರೇನು ಎಂದು ಒಂದು ಗಳಿಗೆ ಅನ್ನಿಸಿತು. ಆಮೇಲೆ ಹತ್ತಿರ ಬಂದ ಹಕ್ಕಿಯೊಂದು ಶಾಲಿನೊಳಗಿನ ಮುಖ ನೋಡಿ ಸುಮ್ಮನಾಯಿತು. ಉಳಿದವೂ ಸುಮ್ಮನಾಗಿ ಎಲೆ ಕೆದಕತೊಡಗಿದವು.

ಯಂತ್ರಕ್ಕೆ ಇದೆಲ್ಲ ತಿಳಿಯುತ್ತದೆ ಎಂಬುದನ್ನು ಅವನು ಮರೆತಿದ್ದ. ಮರುದಿನ ಸಂಜೆ ಜೆಸಿಂತಾ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ ನೀಲಾಂಬಿಕೆಯನ್ನು, ನಿನ್ನೆ ಶಾಲೆಗೆ ರಜೆಯಿತ್ತಾ, ನೀವು ಹತ್ತು ಗಂಟೆಗೆ ತೋಪಿನಲ್ಲಿದ್ದಿರಿ ಎಂದು ಕಿವಿ ಹೇಳ್ತಾ ಉಂಟು, ಅದು ತಪ್ಪು ಕಲಿತಿದ್ದರೆ ತಿದ್ದಬೇಕು ಎಂದು ಕೇಳಿದಳು. ನೀಲಾಂಬಿಕೆ ತಾನು ಹತ್ತನೆಯ ತರಗತಿಗೆ ಪರೀಕ್ಷೆ ನಡೆಸುತ್ತಿದ್ದೆ ಎಂದಳು. ಹಾಗೆನ್ನುತ್ತಲೇ ಹಗ್ಗದ ಮೇಲೆ ಗಾಳಿಗೆ ಹಾಕಲು, ಒಗೆಯದ ಹಸಿರು ಶಾಲನ್ನು ಝಾಡಿಸಿದಳು. ಅದರಿಂದ ಜಾಲಿಯ ಒಣ ಎಲೆ, ಒಂದೆರಡು ಮುಳ್ಳು ಉದುರಿದವು. ಇಬ್ಬರೂ ಅದನ್ನು ನೋಡಿದರು. ಜೆಸಿಂತಾ ತನ್ನ ಕೋಣೆಗೆ ಮರಳಿದಳು.

ಊಟದ ಹೊತ್ತಿಗೆ ನೀಲಾಂಬಿಕೆ ನೇರವಾಗಿ ಕೇಳಿದಳು. ಅವನು ಅದು ಪ್ರಯೋಗ ಎಂದ. ಹಕ್ಕಿ ಬಟ್ಟೆ ಗುರುತಿಸುತ್ತದೋ ಮುಖ ಗುರುತಿಸುತ್ತದೋ ಎಂದು ನೋಡಬೇಕಿತ್ತು ಎಂದ.

"ನಿಮಗ ಹೆಸರು ಬೇಕಾಗಿದ್ರ ನನ್ನ ಕೇಳಬೇಕಿತ್ತ," ಎಂದಳು ನೀಲಾಂಬಿಕೆ. "ಹಕ್ಕಿ ಯಾಕ, ನಾನ ನಾಕು ಇಡ್ತಿದ್ದೆ."

ಅವಳು ನಗೆಯಾಡಿದ್ದು. ಬೇರೆ ದಿನವಾಗಿದ್ದರೆ ಅವನೂ ನಗುತ್ತಿದ್ದನೇನೋ.

ಅದಾದ ವಾರದಲ್ಲೇ ಮರಿಗಳಿಗೆ ಉಂಗುರ ತೊಡಿಸುವ ಕೆಲಸ ಬಂತು. ಗೂಡಿನಿಂದ ಮರಿ ತೆಗೆದು, ಕಾಲಿಗೆ ಉಂಗುರ ಹಾಕಿ, ಮತ್ತೆ ಗೂಡಿಗೆ ಬಿಡುವುದು ಎಂದರೆ ಹಕ್ಕಿಗಳ ಕಣ್ಣಿಗೆ ಕೊಲೆಗೆ ಸಮ. ಹಾಗೆ ಮಾಡಿದವನನ್ನು ಗುಂಪು ಮರೆಯುವುದಿಲ್ಲ, ಮರಿಗಳಿಗೂ ಅವನ ಗುರುತು ಹೇಳಿಕೊಡುತ್ತದೆ. ಅದಕ್ಕೇ ಕೇಂದ್ರದಲ್ಲೊಂದು ಪದ್ಧತಿ. ಹಳೆಯ ನೀಲಿ ಪರದೆಯಿಂದ ಹೊಲಿದ, ಕಣ್ಣಿಗೆ ತೂತು ಬಿಟ್ಟ ಒಂದು ಮುಸುಕನ್ನು ಮುಖಕ್ಕೆ ಹಾಕಿಕೊಂಡೇ ಗೂಡು ಮುಟ್ಟಬೇಕು. ಸಿಟ್ಟೆಲ್ಲ ಮುಸುಕಿನ ಮೇಲೆ ಹೋಗಲಿ, ಮನುಷ್ಯನ ಮೇಲೆ ಬೇಡ. ಅಷ್ಟೂ ವರ್ಷ ಆ ಮುಸುಕಿನೊಳಗಿದ್ದವನು ಬಹುತೇಕ ಫಕ್ಕೀರೇಶನೇ.

ಗೂಡಿಗೆ ನಡೆಯುವ ದಾರಿಯಲ್ಲಿ ಜೆಸಿಂತಾ, ಸಮಾಧಾನ ಮಾಡಲೆಂದೋ ಏನೋ, ಮುಸುಕಿಗೂ ಹಕ್ಕಿಗಳಲ್ಲಿ ಒಂದು ಹೆಸರಿದೆ ಎಂದಳು. ಹಾವಿನ ಕೂಗು, ಗಿಡುಗನ ಕೂಗು ಎರಡನ್ನೂ ಬೆಸೆದ ಹಾಗಿದೆ, ಅಷ್ಟು ಉದ್ದದ ಹೆಸರು ಬೇರೆ ಯಾರಿಗೂ ಇಲ್ಲ, ಒಂದು ಲೆಕ್ಕದಲ್ಲಿ ಅದು ನಿಮ್ಮದೇ ಅಲ್ಲವಾ ಸರ್ ಎಂದಳು. ಫಕ್ಕೀರೇಶನಿಗೆ ಬೇರೆಯೇ ನೆನಪಾಯಿತು. ಕಳೆದ ವರ್ಷ ತಾನು ಜ್ವರದಲ್ಲಿ ಮಲಗಿದ್ದಾಗ ವಿದ್ಯಾರ್ಥಿಯೊಬ್ಬ ಅದನ್ನು ಹಾಕಿಕೊಂಡಿದ್ದ, ಅವನಿಗೂ ಅದನ್ನೇ ಕೂಗಿದ್ದವು. ಅದು ಪರದೆ ಬಟ್ಟೆಯ ಹೆಸರು.

ಗೂಡು ತಲೆಯೆತ್ತರದ ಜಾಲಿಯ ಕವಲಿನಲ್ಲಿತ್ತು. ಅವನು ಮುಸುಕು ಹಾಕಿಕೊಂಡು ಸಣ್ಣ ಏಣಿ ಹತ್ತಿದ. ಗುಂಪು ಮುತ್ತಿತು. ಕಿವಿ ತುಂಬಿ ಹೋಗುವ ಕಿರುಚಾಟ. ಒಂದೆರಡು ಅವನ ಭುಜಕ್ಕೆ ಬಂದು ಬಡಿದವು. ಅವನು ಅವಸರವಿಲ್ಲದೆ ಮೊದಲ ಮರಿ ತೆಗೆದ, ಉಂಗುರ ಹಾಕಿದ, ಇಟ್ಟ. ಎರಡನೆಯದನ್ನು ತೆಗೆದ, ಉಂಗುರ ಹಾಕಿದ. ಇಡಲಿಲ್ಲ. ಎಡಗೈಯಲ್ಲಿ ಮರಿ ಹಿಡಿದುಕೊಂಡೇ ಬಲಗೈಯಿಂದ ಮುಸುಕನ್ನು ಹಣೆಯ ಮೇಲಕ್ಕೆ ಎತ್ತಿ, ತೆಗೆದು, ಕೆಳಗೆ ಬಿಟ್ಟ.

ದೂರದಲ್ಲಿ ಮೈಕು ಹಿಡಿದು ನಿಂತಿದ್ದ ಜೆಸಿಂತಾ, ಸರ್, ಮುಸುಕು ಬಿತ್ತು ಎಂದಳು. ಅವನು ಕೇಳಿಸಿಕೊಂಡ. ಮರಿ ಕೈಯಲ್ಲಿ ಹಿಕ್ಕೆ ಹಾಕಿ ಕೀರಲು ಸ್ವರದಲ್ಲಿ ಅರಚುತ್ತಿತ್ತು. ಅವನು ಅದನ್ನು ಮುಖದ ಹತ್ತಿರ ಹಿಡಿದು, ಒಂದೊಂದೇ ಕೊಂಬೆಯ ಕಡೆ ನಿಧಾನಕ್ಕೆ ಮುಖ ತಿರುಗಿಸಿದ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವುಗಳ ಕಣ್ಣಿಗೆ ಕಣ್ಣು ಕೊಟ್ಟ. ಒಂದು ಗಳಿಗೆ ಇಡೀ ಗುಂಪು ಮೌನವಾಯಿತು. ಆಮೇಲೆ ಮತ್ತೆ ಶುರುವಾದ ಗದ್ದಲ ಬೇರೆಯೇ ಥರ ಇತ್ತು.

ಮರುದಿನ ಅವನು ಮಣ್ಣಿನ ಬಣ್ಣದ ಅಂಗಿಯಲ್ಲಿ, ಬರಿಮುಖದಲ್ಲಿ ತೋಪಿಗೆ ಕಾಲಿಟ್ಟ ಕೂಡಲೇ ಕಾವಲಿನ ಹಕ್ಕಿ ಮುಸುಕಿನ ಆ ಉದ್ದನೆಯ ಕೂಗು ಕೂಗಿತು. ಅವನಿಗೆ ಬಂಡೆಯ ತನಕ ಹೋಗಲಾಗಲಿಲ್ಲ. ಗುಂಪು ಮರದಿಂದ ಮರಕ್ಕೆ ಹಾರುತ್ತ ಅವನನ್ನು ಬೈಯುತ್ತ ಹಿಂಬಾಲಿಸಿತು, ವಾಪಸು ಬರುವಾಗ ಹಿಂಬಾಗಿಲ ತನಕ ಬಂದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಕಿರುಚಿತು. ಅವನು ಒಳಗೆ ಹೋಗಿ ಕಿಟಕಿಯಿಂದ ಕೇಳಿದ. ಕನ್ನಡಿಯಲ್ಲಿ ಮುಖ ನೋಡಿಕೊಂಡ. ಚಹಾ ಮಾಡಿಕೊಂಡು ಕುಡಿದ.

ಜೆಸಿಂತಾ ಅವನ ಕೂಡ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಅವನೇ ಅವಳ ಕೋಣೆಗೆ ಹೋಗಿ, ಪರದೆಯ ಮೇಲೆ ಆ ಕೂಗಿನ ಮುಂದೆ ಇನ್ನೂ 'ಮುಸುಕು' ಎಂದೇ ಬರುತ್ತಿದೆಯಲ್ಲ, ಅದನ್ನು ಬದಲಿಸಬೇಕು ಎಂದ. ಪರೀಕ್ಷೆ ಮಾಡದೆ ಬದಲಿಸುವುದಿಲ್ಲ ಎಂದಳು. ಇಬ್ಬರೂ ಸ್ಪೀಕರು ಹಾಕಿ ನೋಡಿದರು. ಆ ಕೂಗು ಕೇಳಿದ ಹಕ್ಕಿಗಳು ಏಣಿ ಇಟ್ಟಿದ್ದ ಜಾಲಿಯನ್ನು ನೋಡಲಿಲ್ಲ. ಅವನು ಕೂರುತ್ತಿದ್ದ ಬಂಡೆಯನ್ನು ನೋಡಿದವು.

"ಹೆಸರು ಒಂದರಿಂದ ಇನ್ನೊಂದಕ್ಕೆ ದಾಟಿದೆ," ಎಂದಳು ಜೆಸಿಂತಾ. "ಬಟ್ಟೆಯ ಒಳಗಿದ್ದದ್ದು ನೀವು ಅಂತ ಅವಕ್ಕೆ ಅರ್ಥ ಆಗಿದೆ. ಹಕ್ಕಿ ಇಷ್ಟು ಯೋಚನೆ ಮಾಡ್ತದೆ ಅಂತ ಇವತ್ತಿನವರೆಗೆ ಯಾರೂ ತೋರಿಸಿಲ್ಲ ಸರ್. ನಾನು ಬರೀತೇನೆ. ಆದರೆ ನಿಮ್ಮನ್ನು ಲೇಖಕ ಅಂತ ಹಾಕ್ಲಿಕ್ಕೆ ಆಗುದಿಲ್ಲ. ಪ್ರಯೋಗದ ವಸ್ತು ಅಂತ ಹಾಕ್ತೇನೆ."

ಆಮೇಲೆ ಅವಳು ಉಳಿದದ್ದನ್ನೂ ಹೇಳಿದಳು. ಇನ್ನು ಅವನು ಈ ಗುಂಪನ್ನು ನೋಡುವುದು ಸಾಧ್ಯವಿಲ್ಲ; ಅವನು ಹೋದಲ್ಲೆಲ್ಲ ಅವು ತಿನ್ನುವುದನ್ನು ಬಿಟ್ಟು ಕಿರುಚುತ್ತವೆ, ಮರಿಗಳಿಗೆ ಹುಳ ಸಿಗುವುದು ಕಡಿಮೆಯಾಗುತ್ತದೆ. ಹದಿನಾಲ್ಕು ವರ್ಷದ ಸರಣಿ ಅಲ್ಲಿಗೆ ಮುಗಿಯಿತು. ಮೇಲಿನವರಿಗೆ ವರದಿ ಕಳಿಸುವುದು ತನಗೆ ಅನಿವಾರ್ಯ ಎಂದಳು. ಫಕ್ಕೀರೇಶ ಕೇಳಿಸಿಕೊಳ್ಳುತ್ತಿರಲಿಲ್ಲ. ಅವಳು ಕೀಲಿಮಣೆಯಲ್ಲಿ 'ಮುಸುಕು' ಅಳಿಸಿ 'ಫಕ್ಕೀರೇಶ' ಎಂದು ಹೊಡೆಯುತ್ತಿದ್ದುದನ್ನು ನೋಡುತ್ತಿದ್ದ.

ವರದಿಯ ಮೇಲೆ ಆದೇಶ ಬಂತು: ಅವನು ಆಫೀಸಿನಲ್ಲಿದ್ದು ಹಳೆಯ ದತ್ತಾಂಶ ಸರಿಪಡಿಸಬೇಕು, ತೋಪಿಗೆ ಹೋಗಕೂಡದು. ಅವನು ತಕರಾರು ಮಾಡಲಿಲ್ಲ. ಕಿಟಕಿಯ ಹತ್ತಿರ ಮೇಜು ಹಾಕಿಸಿಕೊಂಡು, ಪರದೆಯ ಮೂಲೆಯಲ್ಲಿ ಕಿವಿಯನ್ನು ತೆರೆದಿಟ್ಟುಕೊಂಡ. ಗೂಡು ಬಿಟ್ಟ ಮರಿಗಳು ಆಗಷ್ಟೇ ಕೂಗು ಕಲಿಯುತ್ತಿದ್ದವು. ಅವನು ಆಫೀಸಿನಿಂದ ಮನೆಗೆ ಅಂಗಳ ದಾಟುವಾಗ ದೊಡ್ಡವು ಕೂಗುತ್ತಿದ್ದವು, ಮರಿಯೊಂದು ಅರ್ಧಕ್ಕೆ ಬಿಟ್ಟುಬಿಡುತ್ತಿತ್ತು. ತಾಯಿ ಮತ್ತೆ ಕೂಗಿ ತೋರಿಸುತ್ತಿತ್ತು. ಅದಕ್ಕೆ ಪೂರ್ತಿ ಬರಲಿ ಎಂದು ಫಕ್ಕೀರೇಶ ಒಂದು ದಿನ ಬಿಸಿಲಲ್ಲಿ ಆ ಅಂಗಳವನ್ನು ಬೇಕೆಂದೇ ಹಿಂದೆ ಮುಂದೆ ದಾಟಿದ.

ಒಗೆಯುವ ಕಲ್ಲಿನ ಮೇಲೆ ಚೆಲ್ಲಿದ ರೊಟ್ಟಿ ಸಂಜೆಯ ತನಕ ಹಾಗೇ ಇರತೊಡಗಿತ್ತು, ಇರುವೆ ಹತ್ತುತ್ತಿದ್ದವು. ಬೆಳಿಗ್ಗೆ ಹಿಂಬಾಗಿಲು ತೆರೆದರೆ ಕಾವಲಿನ ಹಕ್ಕಿ ಉದ್ದಕ್ಕೆ ಕೂಗುತ್ತಿತ್ತು, ಗುಂಪು ತೋಪಿನ ಒಳಕ್ಕೆ ಸರಿಯುತ್ತಿತ್ತು. ನೀಲಾಂಬಿಕೆ ಮೊದಲು ಅದನ್ನು ಗಂಡನ ಮೇಲಿನ ಸಿಟ್ಟು ಎಂದುಕೊಂಡಳು. ಅವನು ಮೀಟಿಂಗಿಗೆಂದು ಗದಗಿಗೆ ಹೋದ ದಿನವೂ ಹಾಗೇ ಆಯಿತು. ಅವಳು ಒಬ್ಬಳೇ ಬಾಗಿಲಲ್ಲಿ ನಿಂತು, ದಿನದಂತೆ ಅವನ್ನು ಬೈದು, ಮೆತ್ತಗೆ ಕರೆದು, ಬಸ್ಸಿಗೆ ತಡವಾಗುವ ತನಕ ಕಾದಳು.

ಅದರ ಮಾರನೆಯ ಸಂಜೆ ಅವಳು ಆಫೀಸಿಗೆ ಬಂದಳು. ಇಷ್ಟು ವರ್ಷದಲ್ಲಿ ಅವಳು ಆ ಕೋಣೆಗೆ ಬಂದದ್ದು ಕಡಿಮೆ. ಅವನ ಮೇಜಿನ ಎದುರು ನಿಂತು, ಶಾಲೆಯ ಬ್ಯಾಗು ಹೆಗಲ ಮೇಲಿದ್ದ ಹಾಗೇ, ಪರದೆಯ ಕಡೆ ನೋಡಿದಳು.

"ನನ್ನ ಹೆಸರು ಈಗ ಕೂಗ್ತಾವೇನ್ರಿ?" ಎಂದು ಕೇಳಿದಳು. "ತೋಪಿನ ಒಳಗರೆ?"

"ಇಲ್ಲ," ಎಂದ ಫಕ್ಕೀರೇಶ. ಅವಳ ಮಾತು ಮುಗಿಯುವ ಮೊದಲೇ ಅಂದಿದ್ದ. ಅವನಿಗೆ ವಿವರಿಸುವ ಉಮೇದು ಬಂತು. ಕುರ್ಚಿ ಅವಳ ಕಡೆ ತಿರುಗಿಸಿಕೊಂಡ. ಆವತ್ತು ಅವು ತನ್ನನ್ನು ಬೆನ್ನಟ್ಟಿ ಬಂದಾಗ ಆ ಬಾಗಿಲು ನೋಡಿದವು, ಸಂಜೆ ಅದೇ ಬಾಗಿಲಲ್ಲಿ ತಾವಿಬ್ಬರೂ ನಿಂತದ್ದನ್ನೂ ನೋಡಿದವು, ಈಗ ಅವಕ್ಕೆ ಆ ಬಾಗಿಲಿಂದ ಬರುವವರೆಲ್ಲ ಒಂದೇ, ಇದನ್ನು ಜೆಸಿಂತಾ ಕೂಡ ಒಪ್ಪಿದ್ದಾಳೆ ಎಂದು ಬೆರಳು ಮಡಿಸಿ ಮಡಿಸಿ ಹೇಳಿದ. ಪರದೆಯ ಮೇಲೆ ನಿನ್ನೆ ಬೆಳಗಿನ ಸಾಲು ಹುಡುಕಿ ತೋರಿಸಿದ. "ನೋಡಿಲ್ಲೆ. ನೀ ಒಬ್ಬಾಕಿನ ನಿಂತಿದ್ದಿ, ನಾ ಊರಾಗೂ ಇರಲಿಲ್ಲ. ಆದ್ರೂ ಫಕ್ಕೀರೇಶ ಅಂತ ಕೂಗ್ಯಾವ. ಈಗ ನಿನಗೂ ನಂದ ಹೆಸರು."

ನೀಲಾಂಬಿಕೆ ಪರದೆ ನೋಡುವುದನ್ನು ಬಿಟ್ಟು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಹೆಗಲ ಮೇಲಿನ ಬ್ಯಾಗನ್ನು ಸರಿಮಾಡಿಕೊಂಡಳು.

"ಲಗ್ನ ಆದಾಗಿಂದ ನೀವು ನನ್ನ ಕೂಡ ಇಷ್ಟು ಖುಷಿಲೆ ಮಾತಾಡಿದ್ದು ಇವತ್ತ ನೋಡ್ರಿ," ಎಂದಳು.